ಚದುರಂಗದ ಕಾಯಿಗಳ ನಡೆ

ಚದುರಂಗವೆಂದರೆ ನಾಲ್ಕು ಅಂಗಗಳುಳ್ಳ ಸೇನೆ. ಆನೆ, ಕುದುರೆ, ರಥ, ಕಾಲಾಳು ಎಂಬ ಈ ಅಂಗಗಳಿಗೆ ರಾಜನನ್ನೂ ಮಂತ್ರಿಯನ್ನೂ ಕೂಡಿಸಿ ನಮ್ಮ ಪೂರ್ವಿಕರು ಅರುವತ್ತನಾಲ್ಕು ಮನೆಗಳ ಮೇಲೆ ಒಂದು ಯುದ್ಧವನ್ನು ಹೂಡಿದರು. ಆಟ ಕಲಿಯುವವರು ಕಾಯಿಗಳ ನಡೆಯನ್ನು ಬಾಯಿಪಾಠ ಮಾಡಿ ಮುಂದೆ ಸಾಗುತ್ತಾರೆ. ಆ ನಡೆಗಳು ಹಾಗೇಕಾದುವೆಂದು ಕೇಳುವವರು ವಿರಳ. ಕೇಳಿದರೆ ಅಲ್ಲೊಂದು ಚರಿತ್ರೆ ತೆರೆಯುತ್ತದೆ. ಅದರಲ್ಲಿ ಕನ್ನಡನಾಡಿನ ಪಾಲೂ ಉಂಟು.

ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಹರಪನಹಳ್ಳಿಯ ಸೀಮೆ ಹಿಂದೆ ನೊಳಂಬವಾಡಿ 32000ದ ಭಾಗವಾಗಿತ್ತು. ಉಚ್ಚಂಗಿಯ ಪಾಂಡ್ಯರು ಕಲ್ಯಾಣದ ಚಾಲುಕ್ಯರಿಗೆ ಸಾಮಂತರಾಗಿ ಇಲ್ಲಿ ಆಳಿದರು. ಆ ಚಾಲುಕ್ಯವಂಶದ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವು ರಾಜರ ವಿನೋದಗಳನ್ನು ವಿವರಿಸುವಲ್ಲಿ ಚದುರಂಗಕ್ಕೂ ಸ್ಥಳವನ್ನಿತ್ತಿದೆ. ಎಂಟುನೂರು ವರ್ಷಗಳಿಗೂ ಹಿಂದೆಯೇ ಕನ್ನಡದ ದೊರೆಯೊಬ್ಬನು ಈ ಆಟವನ್ನು ಶಾಸ್ತ್ರವಿಷಯವಾಗಿ ಎಣಿಸಿದನೆಂಬುದು ಸಾಮಾನ್ಯವಾದ ಮಾತಲ್ಲ.

ಮೊದಲು, ಕಾಲದ ಹೊಡೆತಕ್ಕೆ ಬಹುಮಟ್ಟಿಗೆ ಮಣಿಯದ ನಡೆಗಳನ್ನು ನೋಡೋಣ. ರಾಜನು ಯಾವ ದಿಕ್ಕಿಗಾದರೂ ಒಂದು ಮನೆ ನಡೆಯುತ್ತಾನೆ. ಕುದುರೆ ಎರಡು ಮನೆ ನೇರವಾಗಿ ಹೋಗಿ ಒಂದು ಮನೆ ಪಕ್ಕಕ್ಕೆ ಹೊರಳುತ್ತದೆ. ನಡುವೆ ನಿಂತ ಕಾಯಿಯನ್ನು ಹಾರಬಲ್ಲುದು. ಮೂಲೆಯ ರಥವು ದಾರಿ ತೆರವಾಗಿದ್ದಷ್ಟು ದೂರ ನೇರವಾಗಿ, ಉದ್ದಕ್ಕಾಗಲಿ ಅಡ್ಡಕ್ಕಾಗಲಿ, ಸಾಗುತ್ತದೆ. ಇವೆಲ್ಲವೂ ನಡೆಯುವ ಮನೆಯಲ್ಲಿಯೇ ಶತ್ರುವನ್ನು ಹೊಡೆಯುತ್ತವೆ. ಕಾಲಾಳಿನ ರೀತಿ ಬೇರೆ: ಅವನು ನಡೆಯುವುದು ನೇರಕ್ಕೆ, ಹೊಡೆಯುವುದು ಮುಂದಿನ ಓರೆಮನೆಗೆ, ಹಿಂದಕ್ಕೆ ಹೆಜ್ಜೆಯಿಡುವಂತಿಲ್ಲ.

ಬದಲಾದದ್ದು ಆನೆ ಮತ್ತು ಮಂತ್ರಿಗಳ ನಡೆ. 1030ರ ಸುಮಾರಿಗೆ ಅಲ್ ಬೆರೂನಿಯು ಭಾರತೀಯರ ಆನೆ ಮುಂದಕ್ಕೆ ಒಂದು ಮನೆ, ನಾಲ್ಕು ಓರೆಗಳಿಗೆ ಒಂದೊಂದು ಮನೆ ನಡೆಯುತ್ತದೆಂದು ಬರೆದನು. ಈ ಐದು ಮನೆಗಳು ಆನೆಯ ಸೊಂಡಿಲು ಮತ್ತು ನಾಲ್ಕು ಕಾಲುಗಳ ಸ್ಥಾನಗಳೆಂದು ಇಲ್ಲಿಯವರು ಹೇಳುತ್ತಿದ್ದರಂತೆ. ಬರ್ಮಾ ಮತ್ತು ಥಾಯ್‌ಲೆಂಡುಗಳ ಆಟದಲ್ಲಿ ಈ ನಡೆ ಇಂದಿಗೂ ಉಳಿದಿದೆ. ಪಾರಸಿಕರೂ ಅರಬ್ಬರೂ ಆಡಿದ ಆಟದಲ್ಲಾದರೋ ಆನೆ ಓರೆಯಾಗಿ ಎರಡನೆಯ ಮನೆಗೆ ಹಾರುತ್ತಿತ್ತು. ಅಂಥ ಆನೆ ಇಡೀ ಹಾಸಿನಲ್ಲಿ ಮುಟ್ಟಬಲ್ಲುದು ಎಂಟೇ ಮನೆಗಳನ್ನು! ಮಂತ್ರಿಯೂ ಓರೆಯಾಗಿ ಒಂದೇ ಮನೆ ನಡೆಯುವ ದುರ್ಬಲನಾಗಿದ್ದನು. ಹದಿನೈದನೆಯ ಶತಮಾನದ ಕೊನೆಗೆ ಯೂರೋಪಿನವರು ಇವೆರಡಕ್ಕೂ ದೂರದ ನಡೆಯನ್ನು ಕೊಟ್ಟರು. ಅಲ್ಲಿ ಮಂತ್ರಿ ರಾಣಿಯಾಗಿ, ಎಂಟು ದಿಕ್ಕುಗಳನ್ನೂ ಆಳುವ ಮಹಾಬಲವಾದನು. ನಿಧಾನವಾಗಿದ್ದ ಆಟಕ್ಕೆ ವೇಗ ಬಂದಿತು.

ಹೆಸರುಗಳೂ ಸ್ಥಾನಪಲ್ಲಟ ಹೊಂದಿದವು. ನಮ್ಮಲ್ಲಿ ಅನೇಕರು ಮೂಲೆಯ ರಥವನ್ನೇ ಆನೆಯೆಂದೂ, ಓರೆನಡೆಯ ಕಾಯಿಯನ್ನು ಒಂಟೆಯೆಂದೂ ಕರೆಯುತ್ತಾರೆ. ಇದರಲ್ಲಿ ಆಶ್ಚರ್ಯಕ್ಕೆ ಎಡೆಯಿಲ್ಲ. 1565ರ ಯುದ್ಧದಲ್ಲಿ ವಿಜಯನಗರವು ಸೋತ ಬಳಿಕ ಹರಪನಹಳ್ಳಿಯಲ್ಲಿ ತಲೆಯೆತ್ತಿದ ಪಾಳೆಯಗಾರರ ದಂಡಿನಲ್ಲಿ ರಥವೆಲ್ಲಿ? ಆ ಸೀಮೆಯ ಜನ ಕಣ್ಣಾರೆ ಕಂಡ ರಥವೆಂದರೆ ಕೊಟ್ಟೂರಿನ ಗುರುಬಸವೇಶ್ವರನ ತೇರಿನಂಥದು. ಅದು ಭಕ್ತಿಯದು, ಯುದ್ಧದ್ದಲ್ಲ.

ನಾಡಿನ ಆಟಕ್ಕೆ ತನ್ನವೇ ಕಟ್ಟಳೆಗಳಿದ್ದವು. ಕಾಲಾಳಿಗೆ ಮೊದಲ ನಡೆಯಲ್ಲಿಯೂ ಒಂದೇ ಹೆಜ್ಜೆ; ಕೊನೆಯ ಸಾಲನ್ನು ಮುಟ್ಟಿದರೆ ಆ ಸಾಲಿನ ಒಡೆಯನಾದ ಕಾಯಿಯ ಪದವಿ. ರಾಜನಿಗೆ ಶತ್ರುವಿನ ಬೆದರಿಕೆ ತಟ್ಟುವ ಮೊದಲು ಒಮ್ಮೆ ಕುದುರೆಯ ನೆಗೆತ ಸಲ್ಲುತ್ತಿತ್ತು. ಕೋಟೆ ಕಟ್ಟುವ ಪಾಶ್ಚಾತ್ಯ ಕ್ರಮದ ಕೆಲಸವನ್ನು ಅದು ಮಾಡುತ್ತಿತ್ತು. ಇಂಥ ಆಟದಲ್ಲಿ ಪಳಗಿದ ಪಂಜಾಬಿನ ಮೀರ್ ಸುಲ್ತಾನ್ ಖಾನನು ಪಾಶ್ಚಾತ್ಯ ನಿಯಮಗಳನ್ನು ಕಲಿತು, 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದನು. ನಮ್ಮ ಕಟ್ಟಳೆಗಳು ಬುದ್ಧಿಯನ್ನು ಕುಂಠಿತಗೊಳಿಸುವಂಥವಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕುದುರೆಯ ನಡೆಯೊಂದನ್ನೇ ಹಿಡಿದು, ಯಾವ ಮನೆಯನ್ನೂ ಎರಡು ಬಾರಿ ಮೆಟ್ಟದಂತೆ ಅರುವತ್ತನಾಲ್ಕನ್ನೂ ಸುತ್ತಿಸಿದರು. ಮೆಟ್ಟಿದ ಕ್ರಮದಲ್ಲಿ ಅಂಕೆಗಳನ್ನು ಬರೆದರೆ ಅಡ್ಡಸಾಲು, ಉದ್ದಸಾಲು ಪ್ರತಿಯೊಂದರ ಮೊತ್ತವೂ 260 ಆಗುವಂತೆ ಜೋಡಿಸಿದರು. ನಡೆಯ ನಿಯಮವೊಂದು ಗಣಿತವಾಗಿ ಅರಳಿದ ಬಗೆ ಇದು.

ಇಂದು ಜಗತ್ತೆಲ್ಲ ಒಂದೇ ನಿಯಮದಲ್ಲಿ ಆಡುತ್ತಿದೆ, ಅದು ಒಳ್ಳೆಯದೇ. ಆದರೆ ನಾಡಿನ ಕಟ್ಟಳೆಗಳು ಬಾಯಿಂದ ಬಾಯಿಗೆ ಬಂದಂಥವು. ಬಲ್ಲ ಹಿರಿಯರೊಡನೆ ಅವೂ ಅಳಿಯುತ್ತವೆ. ಶಾಸನಗಳ ಅಕ್ಷರವನ್ನು ಅಚ್ಚೊತ್ತಿ ಉಳಿಸಿಕೊಂಡ ನಾವು, ಅಜ್ಜಂದಿರು ಆಡಿದ ಆಟದ ನಡೆಯನ್ನೂ ಊರೂರಲ್ಲಿ ಕೇಳಿ ಬರೆದಿಡುವುದು ಯುಕ್ತವಾಗಿದೆ.