ಬೇಸ್‌ಬಾಲ್ ಕಾರ್ಡುಗಳು: ಜಾಹೀರಾತು ನುಡಿದ ಸಾಕ್ಷಿ

ಪಿಟ್ಸ್‌ಬರ್ಗ್ ತಂಡದ ಹೋನಸ್ ವ್ಯಾಗ್ನರ್ ಚಿತ್ರವಿರುವ, ಬೆಂಕಿಪೊಟ್ಟಣಕ್ಕಿಂತ ತುಸುವೇ ದೊಡ್ಡದಾದ ಒಂದು ಕಾರ್ಡು 2022ರಲ್ಲಿ 72 ಲಕ್ಷ 50 ಸಾವಿರ ಡಾಲರಿಗೆ ಮಾರಾಟವಾಯಿತು. ಸುದ್ದಿಯಾದದ್ದು ಬೆಲೆ ಮಾತ್ರ. ಆದರೆ ಆ ಕಾರ್ಡು ಯಾವಾಗ ಅಚ್ಚಾಯಿತು, ಎಲ್ಲಿ ಹಂಚಿಕೆಯಾಯಿತು ಎಂಬುದನ್ನು ಸಂಶೋಧಕರು ಅರಿತದ್ದು ಬಹುಮಟ್ಟಿಗೆ ಅದರ ಹಿಂಬದಿಯಲ್ಲಿರುವ ಸಿಗರೇಟು ಜಾಹೀರಾತಿನಿಂದ.

ಅಮೆರಿಕದಲ್ಲಿ ಈ ಕಾರ್ಡುಗಳು ಹುಟ್ಟಿದ್ದೇ ಜಾಹೀರಾತಾಗಿ. 1869ರ ಸುಮಾರಿಗೆ ನ್ಯೂಯಾರ್ಕಿನ ಪೆಕ್ ಅಂಡ್ ಸ್ನೈಡರ್ ಎಂಬ ಆಟದ ಸಾಮಾನಿನ ಅಂಗಡಿ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್ ತಂಡದ ಫೋಟೊ ಇರುವ ಕಾರ್ಡು ಹೊರತಂದಿತು. ಬೆನ್ನಿಗೆ ಅಂಗಡಿಯ ಪ್ರಚಾರ. 1880ರ ದಶಕದ ಕೊನೆಗೆ ಗುಡ್ವಿನ್ ಕಂಪನಿಯ ಓಲ್ಡ್ ಜಡ್ಜ್ ಸಿಗರೇಟು, ರಿಚ್ಮಂಡಿನ ಅಲೆನ್ ಅಂಡ್ ಗಿಂಟರ್ ಸಿಗರೇಟು ಇದೇ ದಾರಿ ಹಿಡಿದವು. ಪ್ಯಾಕು ಮುದುರದಂತೆ ಒಳಗೊಂದು ರಟ್ಟು ಹೇಗೂ ಬೇಕಿತ್ತು. ಅದರ ಮೇಲೆ ಆಟಗಾರನ ಚಿತ್ರವಿದ್ದರೆ ಗಿರಾಕಿ ಮತ್ತೆ ಬರುತ್ತಿದ್ದ. ಆಟದ ಋತು ಮುಗಿಯುವಷ್ಟರಲ್ಲಿ ಕೆಲಸ ಮುಗಿಯುವ ವಸ್ತುವಿಗೆ ಇಸವಿ ಹಾಕುವ ಗೋಜಿಗೆ ಹೆಚ್ಚಿನವರು ಹೋಗಲಿಲ್ಲ. ಸಂಶೋಧಕರ ಕಷ್ಟವೆಲ್ಲ ಅಲ್ಲಿಂದಲೇ ಶುರು.

ಈ ರಾಶಿಗೆ ಮೊದಲು ಕ್ರಮ ತಂದವನು ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನ ಜೆಫರ್ಸನ್ ಬರ್ಡಿಕ್. ಸಂಧಿವಾತದಿಂದ ನರಳುತ್ತಿದ್ದ ಈ ಮನುಷ್ಯ 1939ರಲ್ಲಿ ಕಾರ್ಡುಗಳ ಸೂಚಿಯೊಂದನ್ನು ಪ್ರಕಟಿಸಿದ. ಮುಂದೆ ಅದೇ ಬೆಳೆದು 'ಅಮೆರಿಕನ್ ಕಾರ್ಡ್ ಕ್ಯಾಟಲಾಗ್' ಆಯಿತು. ಹತ್ತೊಂಬತ್ತನೇ ಶತಮಾನದ ತಂಬಾಕು ಕಾರ್ಡುಗಳಿಗೆ 'ಎನ್', ಇಪ್ಪತ್ತನೆಯದಕ್ಕೆ 'ಟಿ', ಹಳೆಯ ಮಿಠಾಯಿ ಕಾರ್ಡುಗಳಿಗೆ 'ಇ' ಎಂದು ಅವನು ಕೊಟ್ಟ ಗುರುತುಗಳೇ ಇಂದಿಗೂ ಬಳಕೆಯಲ್ಲಿವೆ. ವ್ಯಾಗ್ನರ್ ಕಾರ್ಡಿರುವ ಸರಣಿಯನ್ನು 'ಟಿ206' ಎನ್ನುವುದು ಹೀಗೆ. ಮೂರು ಲಕ್ಷಕ್ಕೂ ಮಿಕ್ಕಿದ ತನ್ನ ಸಂಗ್ರಹವನ್ನು ಅವನು ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಕೊಟ್ಟು, ತಾನೇ ಕೂತು ಆಲ್ಬಮ್ಮುಗಳಿಗೆ ಅಂಟಿಸಿದ. 1963ರ ಜನವರಿಯಲ್ಲಿ ಕೆಲಸ ಮುಗಿಯಿತು, ಮಾರ್ಚಿನಲ್ಲಿ ತೀರಿಕೊಂಡ. ಈ ಕ್ಷೇತ್ರದಲ್ಲಿ ಅವನಿಗೆ ಸಮನಾದವರು ಇನ್ನೊಬ್ಬರಿಲ್ಲ ಎಂದೇ ನನ್ನ ಎಣಿಕೆ. ಆದರೂ ಅವನ ಕ್ಯಾಟಲಾಗು ಬಿಡಿಸಿದ್ದು ಯಾವ ಕಾರ್ಡು ಯಾವ ಗುಂಪಿನದು ಎಂಬ ಪ್ರಶ್ನೆಯನ್ನು. ಯಾವ ವರ್ಷ, ಯಾವ ಊರು ಎಂಬುದು ಅನೇಕ ಕಡೆ ಅಂದಾಜಾಗಿಯೇ ಉಳಿಯಿತು.

ಅಂದಾಜು ಕರಗತೊಡಗಿದ್ದು ಕಾರ್ಡಿನ ಬೆನ್ನನ್ನು ಓದಲು ಕಲಿತಾಗ. ಟಿ206 ಕಾರ್ಡುಗಳು 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿಯ ಹದಿನಾರು ಬಗೆಯ ತಂಬಾಕು ಹೆಸರುಗಳ ಕೆಳಗೆ ಬಂದವು. ಹಿಂಬದಿಯ ಜಾಹೀರಾತಿನಲ್ಲಿ ಮೊದಲು '150 ಚಿತ್ರಗಳು' ಎಂದಿತ್ತು, ಆಮೇಲೆ '350' ಆಯಿತು, ಕೊನೆಗೆ '350-460'. ಗಿರಾಕಿಯ ಆಸೆ ಹೆಚ್ಚಿಸಲು ಹಾಕಿದ ಈ ಅಂಕಿಯೇ ಮುದ್ರಣದ ಸರದಿಯನ್ನು ಹೇಳಿಬಿಟ್ಟಿತು. ಜೊತೆಗೆ ಕಾರ್ಖಾನೆಯ ಸಂಖ್ಯೆ: 25 ಎಂದಿದ್ದರೆ ವರ್ಜೀನಿಯಾ, 30 ಎಂದಿದ್ದರೆ ನ್ಯೂಯಾರ್ಕ್. ಸಿಕ್ಕಿರುವ ವ್ಯಾಗ್ನರ್ ಕಾರ್ಡುಗಳ ಬೆನ್ನಿಗೆ ಇರುವುದು ಸ್ವೀಟ್ ಕ್ಯಾಪೊರಲ್ ಅಥವಾ ಪೀಡ್ಮಾಂಟ್ ಜಾಹೀರಾತು, ಅದೂ 150ರದ್ದು ಮಾತ್ರ. ಅಂದರೆ ಮೊದಲ ಹಂತದಲ್ಲೇ ಅವನ ಚಿತ್ರದ ಮುದ್ರಣ ನಿಂತಿತು. ಮಕ್ಕಳು ತಂಬಾಕಿಗೆ ಮರುಳಾಗಬಾರದೆಂದು ವ್ಯಾಗ್ನರ್ ಒಪ್ಪಿಗೆ ನಿರಾಕರಿಸಿದ ಎಂಬ ಕಥೆ ಬಹಳ ಪ್ರಸಿದ್ಧ. ಆದರೆ ಅದಕ್ಕೂ ಹತ್ತು ವರ್ಷಕ್ಕೆ ಹಿಂದೆ ಲೂಯಿವಿಲ್‌ನ ರೆಕಿಯಸ್ ಎಂಬ ವ್ಯಾಪಾರಿಯ ಸಿಗಾರಿಗೆ ಅವನದೇ ಹೆಸರು, ಚಿತ್ರ ಇದ್ದ ಜಾಹೀರಾತು ಕಾರ್ಡೂ ಉಳಿದಿದೆ. ಹೀಗಾಗಿ ಹಣದ ಮಾತೂ ಇದ್ದಿರಬಹುದೆಂಬ ವಾದ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ.

ಮುಂದಿನ ಹೆಜ್ಜೆ ಕಾರ್ಡನ್ನು ಬಿಟ್ಟು ಹಳೆಯ ಪತ್ರಿಕೆಗೆ ಹೋದದ್ದು. ಹೆಸರಾಂತ ಆಟಗಾರ ಬೇಬ್ ರೂತ್‌ನ ಆರಂಭದ ಕಾರ್ಡು ಇರುವ 'ಎಂ101-5' ಸರಣಿಗೆ ಬಹುಕಾಲ 1915 ಎಂದೇ ಇಸವಿ ಹಾಕಲಾಗಿತ್ತು. ಷಿಕಾಗೋದ ಫೆಲಿಕ್ಸ್ ಮೆಂಡೆಲ್ಸನ್ ಇವನ್ನು ಸಗಟಾಗಿ ಅಚ್ಚು ಹಾಕಿಸಿ ಊರೂರಿನ ಬೇಕರಿ, ಬಟ್ಟೆ ಅಂಗಡಿ, ಪತ್ರಿಕೆಗಳಿಗೆ ಮಾರುತ್ತಿದ್ದ. ಕೊಂಡವರು ಬೆನ್ನಿಗೆ ತಮ್ಮ ಹೆಸರು ಒತ್ತಿಸುತ್ತಿದ್ದರು. ಸೇಂಟ್ ಲೂಯಿಯ ಫೇಮಸ್ ಅಂಡ್ ಬಾರ್, ಪಿಯೋರಿಯಾದ ಬ್ಲಾಕ್ ಅಂಡ್ ಕೂಲ್, ಹೀಗೆ. ಆಟಗಾರರು ತಂಡ ಬದಲಿಸಿದ ದಾಖಲೆ ಮತ್ತು ಆ ಕಾಲದ ಜಾಹೀರಾತುಗಳನ್ನು ಒಟ್ಟಿಗಿಟ್ಟು ನೋಡಿದ ಮೇಲೆ ಈ ಸರಣಿ 1916ರದ್ದೆಂದು ಒಪ್ಪಿತವಾಯಿತು. ಒಂದೇ ವರ್ಷದ ಅಂತರ ಅಲ್ಪವೆನಿಸಬಹುದು. ರೂತ್‌ನ ಮೊದಲ ಕಾರ್ಡು ಯಾವುದೆಂಬ ಚರ್ಚೆಗೆ ಮಾತ್ರ ಅದು ದೊಡ್ಡ ವಿಷಯ.

ಯಾವ ಕಾರ್ಡು ಏಕೆ ವಿರಳ ಎಂಬುದಕ್ಕೂ ಉತ್ತರ ಜಾಹೀರಾತಿನ ಷರತ್ತುಗಳಲ್ಲೇ ಇದೆ. 1914ರ ಕ್ರ್ಯಾಕರ್ ಜ್ಯಾಕ್ ಕಾರ್ಡು ಸಿಹಿ ಪೊಟ್ಟಣದೊಳಗೇ ಬರುತ್ತಿತ್ತು, ಹಾಗಾಗಿ ಬಹುಪಾಲು ಕಾರ್ಡುಗಳಿಗೆ ಸಕ್ಕರೆ ಪಾಕದ ಕಲೆ. 1915ರಲ್ಲಿ ಕೂಪನ್ ಕಳಿಸಿದವರಿಗೆ 176 ಕಾರ್ಡುಗಳ ಪೂರ್ತಿ ಸೆಟ್ ಅಂಚೆಯಲ್ಲಿ ಸಿಗುವುದೆಂದು ಕಂಪನಿ ಪ್ರಚಾರ ಮಾಡಿತು. ಆ ವರ್ಷದ ಕಾರ್ಡುಗಳು ಶುಭ್ರವಾಗಿ ಹೆಚ್ಚು ಉಳಿದಿವೆ. ಟರ್ಕಿ ರೆಡ್ ಸಿಗರೇಟಿನ ದೊಡ್ಡ ಚಿತ್ರವೊಂದಕ್ಕೆ ಹತ್ತು ಕೂಪನ್ ಕೊಡಬೇಕಿತ್ತು. ಒಂದು ಚಿತ್ರಕ್ಕೆ ಹತ್ತು ಕೂಪನ್ ಕೂಡಿಸುವವರು ಎಷ್ಟು ಮಂದಿ ಇದ್ದಾರು! ಸ್ಯಾನ್ ಫ್ರಾನ್ಸಿಸ್ಕೋದ ಜೀನಟ್ ಮಿಠಾಯಿ ಕಾರ್ಡುಗಳ ಅಡಿಯಲ್ಲಿ ಕೂಪನ್ನೇ ಅಂಟಿಕೊಂಡಿರುತ್ತಿತ್ತು. ಹುಡುಗರು ಅದನ್ನು ಕತ್ತರಿಸಿ ಬಹುಮಾನ ಪಡೆದರು. ಕತ್ತರಿಸದೆ ಉಳಿದ ಕೆಲವೇ ಕಾರ್ಡುಗಳಲ್ಲಿ ವಾಯಿದೆಯ ದಿನಾಂಕವೂ ಉಳಿದು, ಇಸವಿ ಗೊತ್ತುಮಾಡಲು ನೆರವಾಯಿತು.

ಹಳೆಯ ಪತ್ರಿಕೆ ನೋಡಲು ಮೈಕ್ರೊಫಿಲ್ಮ್ ಸುರುಳಿ ತಿರುಗಿಸುತ್ತ ಕೂರಬೇಕಿದ್ದ ಕಾಲ ಈಗ ಬಹುತೇಕ ಹೋಗಿದೆ. 2007ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ 'ಕ್ರಾನಿಕ್ಲಿಂಗ್ ಅಮೆರಿಕಾ' ಹೆಸರಿನಲ್ಲಿ ಹಳೆಯ ಪತ್ರಿಕೆಗಳನ್ನು ಅಂತರ್ಜಾಲಕ್ಕೆ ತಂದಿತು. 'ಸ್ಪೋರ್ಟಿಂಗ್ ಲೈಫ್' ವಾರಪತ್ರಿಕೆಯೂ ಲಾಸ್ ಏಂಜಲೀಸಿನ ಎಲ್‌ಎ84 ಪ್ರತಿಷ್ಠಾನದ ಮೂಲಕ ಎಲ್ಲರಿಗೂ ಸಿಕ್ಕಿತು. ಆದರೂ ಯಂತ್ರದ ಹುಡುಕಾಟವನ್ನೇ ನಂಬಿ ಕೂರುವಂತಿಲ್ಲ. ಆ ಕಾಲದಲ್ಲಿ 'ಬೇಸ್' ಮತ್ತು 'ಬಾಲ್' ಎಂದು ಬಿಡಿಸಿ ಬರೆಯುವುದೇ ರೂಢಿ. ಜಾಹೀರಾತಿನ ಅಲಂಕಾರದ ಅಕ್ಷರಗಳು ಯಂತ್ರದ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ, ಹಾಗಾಗಿ ಪುಟಪುಟವನ್ನೂ ಕಣ್ಣಾರೆ ನೋಡುವವರಿಗೇ ಹೆಚ್ಚು ಸಿಗುತ್ತದೆ. ಇನ್ನೊಂದು ಎಚ್ಚರವೂ ಬೇಕು. ಇಂಥ ದಿನದಿಂದ ಕಾರ್ಡು ಕೊಡುತ್ತೇವೆ ಎಂದು ವ್ಯಾಪಾರಿ ಹೇಳಿದ್ದು ವಾಗ್ದಾನ ಮಾತ್ರ. ಕೊಟ್ಟನೆಂಬುದಕ್ಕೆ ಕಾರ್ಡೇ ಸಿಗಬೇಕು. ಪತ್ರಿಕೆಗೆ ಜಾಹೀರಾತು ಕೊಡುವಷ್ಟು ಹಣವಿಲ್ಲದ ಸಣ್ಣ ಊರಿನ ಮಿಠಾಯಿಗಾರನೂ ಕಾರ್ಡು ಹಂಚಿರಬಹುದು. ಅಂಥವನನ್ನು ಹುಡುಕಲು ಊರಿನ ವ್ಯಾಪಾರಿಗಳ ಡೈರೆಕ್ಟರಿ, ಹಳೆಯ ಬಿಲ್ಲಿನ ಕಾಗದ, ವ್ಯಾಪಾರೀ ನಿಯತಕಾಲಿಕಗಳತ್ತ ಸಂಶೋಧಕರು ಈಗ ಕೈ ಚಾಚುತ್ತಿದ್ದಾರೆ.