ಡಬಲ್ ಗ್ಲಾಸ್ ಕಿಟಕಿ: ಹುಬ್ಬಳ್ಳಿ-ಧಾರವಾಡದ ಮನೆಗೆ ಎಲ್ಲಿ ಬೇಕು, ಎಲ್ಲಿ ಬೇಡ?

ಹುಬ್ಬಳ್ಳಿ-ಧಾರವಾಡ: ಹೊಸ ಮನೆ ಕಟ್ಟಿಸುವವರ ಮುಂದೆ ಈಗ ಒಂದು ಹೊಸ ಪ್ರಶ್ನೆ ಬಂದು ನಿಲ್ಲುತ್ತಿದೆ. "ಸಾದಾ ಗ್ಲಾಸ್ ಹಾಕೋಣೋ, ಡಬಲ್ ಗ್ಲಾಸ್ ಹಾಕೋಣೋ?" ಡಬಲ್ ಹಾಕಿದರೆ ಮನೆ ತಂಪು, ಎಸಿ ಬಿಲ್ ಕಡಿಮೆ, ರಸ್ತೆ ಸದ್ದು ಬಂದ್ ಎಂದು ಅಂಗಡಿಯವರು ಹೇಳುತ್ತಾರೆ. ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಯಾವ ಕಿಟಕಿ ಯಾವ ದಿಕ್ಕಿಗಿದೆ, ಹಾಕುವ ಗಾಜು ಯಾವ ಜಾತಿಯದು ಎನ್ನುವುದರ ಮೇಲೆ ಎಲ್ಲ ನಿಂತಿದೆ. ಗೃಹಸಾಲ ತೆಗೆದು ಒಮ್ಮೆ ಕಟ್ಟುವ ಮನೆ. ಕಿಟಕಿ ಮತ್ತೆ ಮತ್ತೆ ಬದಲಿಸಲು ಆಗುವುದಿಲ್ಲ. ಆದ್ದರಿಂದ ಮುಂಗಡ ಕೊಡುವ ಮೊದಲು ತಿಳಿದಿರಬೇಕಾದ ವಿಷಯಗಳು ಇಲ್ಲಿವೆ.

ಡಬಲ್ ಗ್ಲಾಸ್ ಅಂದರೇನು?

ಎರಡು ಗಾಜಿನ ಹಾಳೆಗಳ ನಡುವೆ ಸಾಮಾನ್ಯವಾಗಿ 12 ಮಿ.ಮೀ. ಅಂತರ ಬಿಟ್ಟು, ಸುತ್ತಲೂ ಗಾಳಿಯಾಡದಂತೆ ಸೀಲ್ ಮಾಡಿದ ಘಟಕ ಇದು. ವ್ಯಾಪಾರದ ಭಾಷೆಯಲ್ಲಿ ಡಿಜಿಯು. ನಡುವೆ ಒಣ ಗಾಳಿ ಇಲ್ಲವೇ ಆರ್ಗಾನ್ ಅನಿಲ ಇರುತ್ತದೆ. ಅಂಚಿನ ಪಟ್ಟಿಯೊಳಗೆ ತೇವ ಹೀರುವ ಕಾಳುಗಳನ್ನು ತುಂಬಿರುತ್ತಾರೆ. ಇದು ಕಾರ್ಖಾನೆಯಲ್ಲೇ ತಯಾರಾಗಬೇಕು. ಒಮ್ಮೆ ಸೀಲ್ ಆದ ಮೇಲೆ ಸೈಟಿನಲ್ಲಿ ಕತ್ತರಿಸಿ ಕೂಡಿಸಲು ಬರುವುದಿಲ್ಲ.

ಒಂದೇ ಚೌಕಟ್ಟಿನಲ್ಲಿ ಎರಡು ಗಾಜು ಕೂಡಿಸಿ, ಬದಿಗೆ ಸಿಲಿಕಾನ್ ಹಚ್ಚಿ "ಇದೂ ಡಬಲ್ ಗ್ಲಾಸೇ" ಎಂದು ಕೊಟ್ಟರೆ ನಂಬಬೇಡಿ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಒಳಗೆ ಹಬೆ ಕಟ್ಟುತ್ತದೆ, ಧೂಳು ಸೇರುತ್ತದೆ. ಆ ಮಬ್ಬನ್ನು ಹೊರಗಿನಿಂದ ಒರೆಸಲು ಬರುವುದಿಲ್ಲ.

ನೋಡಬೇಕಾದ ಎರಡು ಅಂಕಿ

ಗಾಜಿನ ಕಾಗದಪತ್ರದಲ್ಲಿ ಎರಡು ಅಂಕಿಗಳಿರುತ್ತವೆ.

ಮೊದಲನೆಯದು ಯು-ವ್ಯಾಲ್ಯೂ. ಹೊರಗಿನ ಬಿಸಿ ಗಾಳಿಯ ಶಾಖ ಗಾಜಿನ ಮೂಲಕ ಒಳಗೆ ಎಷ್ಟು ಹರಿಯುತ್ತದೆ ಎಂಬ ಲೆಕ್ಕ ಅದು. ಸಾದಾ ಒಂಟಿ ಗಾಜಿಗೆ ಇದು ಸುಮಾರು 5.7, ಸಾದಾ ಡಬಲ್ ಗ್ಲಾಸಿಗೆ ಸುಮಾರು 2.8. ಕಡಿಮೆ ಇದ್ದಷ್ಟೂ ಒಳ್ಳೆಯದು.

ಎರಡನೆಯದು ಎಸ್‌ಎಚ್‌ಜಿಸಿ. ಗಾಜಿನ ಮೇಲೆ ಬಿದ್ದ ಬಿಸಿಲಿನ ಶಾಖದಲ್ಲಿ ಎಷ್ಟು ಪಾಲು ಮನೆಯೊಳಗೆ ಬರುತ್ತದೆ ಎಂಬುದು ಇದರಿಂದ ಗೊತ್ತಾಗುತ್ತದೆ. ಒಂಟಿ ಗಾಜಿನಲ್ಲಿ ಇದು 0.8ರ ಆಸುಪಾಸು. ಸಾದಾ ಡಬಲ್ ಗ್ಲಾಸಿನಲ್ಲೂ 0.7ಕ್ಕಿಂತ ಹೆಚ್ಚೇ ಇರುತ್ತದೆ. ಅಂದರೆ ಎರಡು ಗಾಜು ಹಾಕಿದರೂ ಬಿಸಿಲಿನ ಮುಕ್ಕಾಲು ಪಾಲು ಶಾಖ ಒಳಗೇ! ಬಿಸಿಲು ತಡೆಯುವ ಲೋ-ಇ ಲೇಪನದ ಡಬಲ್ ಗ್ಲಾಸ್ ಮಾತ್ರ ಇದನ್ನು 0.3ರ ಹತ್ತಿರ ಇಳಿಸಬಲ್ಲದು.

ಯುರೋಪಿನ ಚಳಿ ದೇಶಗಳಲ್ಲಿ ಮೊದಲ ಅಂಕಿಯೇ ಮುಖ್ಯ. ಅಲ್ಲಿ ಹೀಟರ್ ಹಚ್ಚಿ ಕೂಡಿಟ್ಟ ಶಾಖ ಹೊರಗೆ ಹೋಗಬಾರದು. ನಮ್ಮಲ್ಲಿ ಕಥೆ ಬೇರೆ. ಧಾರವಾಡದಲ್ಲಿ ಡಿಸೆಂಬರ್-ಜನವರಿಯಲ್ಲೂ ಹೀಟರ್ ಬೇಕಾಗುವುದಿಲ್ಲ, ಒಂದು ಕೌದಿ ಸಾಕು. ಏಪ್ರಿಲ್ ಮಧ್ಯಾಹ್ನ 37 ಡಿಗ್ರಿ ಆಸುಪಾಸು ಇದ್ದರೂ ರಾತ್ರಿ ಗಾಳಿ ತಂಪಾಗುತ್ತದೆ. ಇಲ್ಲಿ ಕಾಟ ಕೊಡುವುದು ನೇರ ಬಿಸಿಲು. ಆದ್ದರಿಂದ ಈ ಭಾಗದವರು ಮೊದಲು ನೋಡಬೇಕಾದದ್ದು ಎರಡನೇ ಅಂಕಿಯನ್ನು.

ಒಂದು ಕಿಟಕಿಯ ಲೆಕ್ಕ

ಪಶ್ಚಿಮಕ್ಕಿರುವ 4×5 ಅಡಿಯ ಒಂದು ಕಿಟಕಿ ಇದೆ ಎಂದುಕೊಳ್ಳಿ. ಏಪ್ರಿಲ್ ಸಂಜೆ 4ರ ಹೊತ್ತಿಗೆ ಅದರ ಮೇಲೆ ಪ್ರತಿ ಚದರ ಮೀಟರಿಗೆ 600 ವ್ಯಾಟ್ ಬಿಸಿಲು ಬೀಳುತ್ತಿದೆ, ಹೊರಗೆ 37 ಡಿಗ್ರಿ, ಒಳಗೆ 27 ಡಿಗ್ರಿ ಎಂದು ಹಿಡಿದರೆ ಒಳಗೆ ಬರುವ ಶಾಖ ಹೀಗಿರುತ್ತದೆ:

- ಸಾದಾ ಒಂಟಿ ಗಾಜು: ಸುಮಾರು 1,020 ವ್ಯಾಟ್
- ಸಾದಾ ಡಬಲ್ ಗ್ಲಾಸ್: ಸುಮಾರು 855 ವ್ಯಾಟ್
- ಬಿಸಿಲು ತಡೆಯುವ ಲೋ-ಇ ಡಬಲ್ ಗ್ಲಾಸ್: ಸುಮಾರು 365 ವ್ಯಾಟ್
- ಒಂಟಿ ಗಾಜು, ಹೊರಗೆ ಮುಕ್ಕಾಲು ಬಿಸಿಲು ತಡೆಯುವ ಬಿದಿರಿನ ತಟ್ಟಿ: ಸುಮಾರು 335 ವ್ಯಾಟ್

ಒಂದು ಟನ್ ಎಸಿ ಹೊರಹಾಕುವ ಶಾಖ ಸುಮಾರು 3,500 ವ್ಯಾಟ್. ಅಂದರೆ ಸಾದಾ ಗಾಜಿನ ಒಂದೇ ಕಿಟಕಿ ಎಸಿಯ ಶಕ್ತಿಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ತಿಂದುಹಾಕುತ್ತದೆ. ಸಾದಾ ಡಬಲ್ ಗ್ಲಾಸ್ ಹಾಕಿದರೆ ಉಳಿಯುವುದು ಅಷ್ಟಕ್ಕಷ್ಟೇ. ಲೋ-ಇ ಹಾಕಿದರೆ ದೊಡ್ಡ ಫರಕ್ ಬೀಳುತ್ತದೆ. ಆದರೆ ಅದೇ ಕೆಲಸವನ್ನು ಹೊರಗೆ ಇಳಿಬಿಟ್ಟ ತಟ್ಟಿಯೂ ಮಾಡುತ್ತದೆ! ಒಳಗಿನ ಪರದೆಗೆ ಈ ಶಕ್ತಿ ಇಲ್ಲ. ಬಿಸಿಲು ಗಾಜು ದಾಟಿ ಬಂದ ಮೇಲೆ ಪರದೆ ಕಾಯುತ್ತದೆ, ಆ ಕಾವು ಕೋಣೆಯಲ್ಲೇ ಉಳಿಯುತ್ತದೆ.

ಇನ್ನು ಬಿಲ್ಲಿನ ಮಾತು. ಈ ಕೋಣೆಯಲ್ಲಿ ಸಂಜೆ 3 ತಾಸು ಎಸಿ ಓಡಿದರೆ, ಒಂಟಿ ಗಾಜಿನ ಬದಲು ಲೋ-ಇ ಡಬಲ್ ಗ್ಲಾಸ್ ಇದ್ದಾಗ ದಿನಕ್ಕೆ ಅರ್ಧ ಯೂನಿಟ್‌ಗಿಂತ ತುಸು ಹೆಚ್ಚು ಉಳಿಯುತ್ತದೆ. ಬೇಸಿಗೆಯ 90 ದಿನಕ್ಕೆ 50 ಯೂನಿಟ್ ಆಸುಪಾಸು. ನಿಮ್ಮ ಹೆಸ್ಕಾಂ ಬಿಲ್ಲಿನ ಯೂನಿಟ್ ದರದಿಂದ ಅದನ್ನು ಗುಣಿಸಿ, ಅಂಗಡಿಯವರು ಕೇಳುವ ಹೆಚ್ಚುವರಿ ಹಣದ ಪಕ್ಕ ಇಟ್ಟು ನೋಡಿ. ಎಸಿಯೇ ಇಲ್ಲದ ಕೋಣೆಯಲ್ಲಿ ಬಿಲ್ ಉಳಿತಾಯ ಸೊನ್ನೆ. ಅಲ್ಲಿ ಸಿಗುವುದು ತಂಪು ಮಾತ್ರ.

ದಿಕ್ಕು ಮೊದಲು, ಗಾಜು ಆಮೇಲೆ

ಧಾರವಾಡ ಸುಮಾರು 15.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಮೊದಲ ವಾರದ ಹೊತ್ತಿಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಸರಿಯುತ್ತಾನೆ, ಆಗಸ್ಟ್ ಎರಡನೇ ವಾರದಲ್ಲಿ ಹಿಂದಿರುಗುತ್ತಾನೆ.

ದಕ್ಷಿಣ: ಬಹಳ ಮಂದಿ ಹೆದರುವುದು ಈ ದಿಕ್ಕಿಗೆ. ಆದರೆ ಉರಿ ಬೇಸಿಗೆಯಲ್ಲಿ ದಕ್ಷಿಣದ ಕಿಟಕಿಗೆ ಮಧ್ಯಾಹ್ನದ ಬಿಸಿಲು ಬೀಳುವುದೇ ಕಡಿಮೆ. 2 ಅಡಿ ಛಜ್ಜಾ ಇದ್ದರೆ ಮಾರ್ಚ್ ಕೊನೆಯ ಮಧ್ಯಾಹ್ನ ಅದರ ನೆರಳು 7 ಅಡಿ ಕೆಳಗೆ ಇಳಿಯುತ್ತದೆ. ಡಿಸೆಂಬರಿನಲ್ಲಿ ಎರಡೂವರೆ ಅಡಿಯಷ್ಟೇ. ಆಗ ಎಳೆ ಬಿಸಿಲು ಒಳಗೆ ಬಂದರೂ ಹಿತವೇ. ಇಲ್ಲಿ ಡಬಲ್ ಗ್ಲಾಸ್ ಅಗತ್ಯವಿಲ್ಲ.

ಉತ್ತರ: ವರ್ಷವಿಡೀ ಹೆಚ್ಚುಕಡಿಮೆ ಸೌಮ್ಯ ಬೆಳಕು. ಮೇಯಿಂದ ಆಗಸ್ಟ್‌ವರೆಗಿನ ಬಿಸಿಲಿಗೆ ಸಣ್ಣ ಛಜ್ಜಾ ಸಾಕು. ಅಷ್ಟರಲ್ಲಿ ಮೋಡವೂ ಕವಿದಿರುತ್ತದೆ. ಸಾದಾ ಗಾಜೇ ಆದೀತು.

ಪೂರ್ವ: ಬೆಳಗಿನ ಬಿಸಿಲು. ಮನೆ ಆಗಿನ್ನೂ ತಂಪಾಗಿರುವುದರಿಂದ ತಡೆದುಕೊಳ್ಳಬಹುದು.

ಪಶ್ಚಿಮ: ತೊಂದರೆ ಇರುವುದು ಇಲ್ಲಿಯೇ. ಸಂಜೆಯ ಸೂರ್ಯ ಕೆಳಗಿರುವುದರಿಂದ 2 ಅಡಿ ಛಜ್ಜಾದ ನೆರಳು ಒಂದು ಅಡಿ ದಾಟುವುದೂ ಕಷ್ಟ. ಆದರೆ ಮುಂಗಾರಿನ ಪಡುಗಾಳಿ ಬರುವುದೂ ಇದೇ ಕಡೆಯಿಂದ. ಪೂರ್ತಿ ಮುಚ್ಚಿದರೆ ಗಾಳಿ ಹೋಯಿತು, ಪೂರ್ತಿ ತೆರೆದರೆ ಉರಿ ಬಂತು. ಆದ್ದರಿಂದ ಪಶ್ಚಿಮಕ್ಕೆ ಕಿಟಕಿ ಸಣ್ಣದಿರಲಿ, ತೆರೆಯುವಂಥದಿರಲಿ, ಹೊರಗೆ ತಟ್ಟಿ, ಲೂವರ್ ಇಲ್ಲವೇ ಒಂದು ಹೊಂಗೆ ಗಿಡದ ನೆರಳಿರಲಿ. ದೊಡ್ಡ ಗಾಜೇ ಬೇಕೆಂದರೆ ಲೋ-ಇ ಡಬಲ್ ಗ್ಲಾಸಿಗೆ ಹಣ ಹಾಕಬೇಕಾದ ಜಾಗ ಇದೇ.

ಗಾಳಿ ಮರೆಯಬೇಡಿ

ಹಳೆಯ ಮಾಳಿಗೆ ಮನೆಗಳನ್ನು ನೆನಪಿಸಿಕೊಳ್ಳಿ. ದಪ್ಪ ಗೋಡೆ, ಸಣ್ಣ ಕಿಟಕಿ, ಮೇಲೆ ಬೆಳಕಿಂಡಿ. ಹಗಲು ಮುಚ್ಚು, ರಾತ್ರಿ ತೆರೆ ಎಂಬುದು ಆ ಮನೆಗಳ ಕ್ರಮ. ಇಂದಿಗೂ ಈ ಊರಿನ ಹವೆಗೆ ಅದೇ ಸರಿ: ಬೆಳಿಗ್ಗೆ 9ಕ್ಕೆ ಮುಚ್ಚಿ, ರಾತ್ರಿ ಹೊರಗಾಳಿ ತಂಪಾದ ಮೇಲೆ ಎದುರುಬದುರು ಕಿಟಕಿಗಳನ್ನು ತೆರೆಯಿರಿ. ತೆರೆಯಲು ಬಾರದ ಫಿಕ್ಸ್ ಡಬಲ್ ಗ್ಲಾಸ್ ಹಾಕಿದರೆ ಹಗಲಿನ ಕಾವು ರಾತ್ರಿಯೂ ಒಳಗೇ ಕೂಡುತ್ತದೆ.

ಕೇಂದ್ರ ಇಂಧನ ಸಚಿವಾಲಯ 2018ರ ಡಿಸೆಂಬರಿನಲ್ಲಿ ವಸತಿ ಕಟ್ಟಡಗಳಿಗಾಗಿ ತಂದ ಇಕೋ ನಿವಾಸ್ ಸಂಹಿತೆಯೂ ಇದನ್ನೇ ಹೇಳುತ್ತದೆ. ಮನೆಯ ಕಾರ್ಪೆಟ್ ಏರಿಯಾದಲ್ಲಿ ಸಮಶೀತೋಷ್ಣ ಹವೆಯ ಊರಿಗೆ ಕನಿಷ್ಠ ಶೇ 12.5ರಷ್ಟು, ಬಿಸಿ-ಆರ್ದ್ರ ಹವೆಯ ಊರಿಗೆ ಶೇ 16.66ರಷ್ಟು ತೆರೆಯುವ ಕಿಟಕಿ ಜಾಗ ಇರಬೇಕು. ಸಾವಿರ ಚದರಡಿ ಮನೆಗೆ 125ರಿಂದ 167 ಚದರಡಿ. ಎರಡು ಬಾಗಿಲಿನ ಸ್ಲೈಡಿಂಗ್ ಕಿಟಕಿ ತೆರೆಯುವುದು ಅರ್ಧದಷ್ಟೇ. ಕದ ತೆರೆಯುವ ಕೇಸ್‌ಮೆಂಟ್ ಕಿಟಕಿ ಹೆಚ್ಚುಕಡಿಮೆ ಪೂರ್ತಿ ತೆರೆಯುತ್ತದೆ, ಮುಚ್ಚಿದಾಗ ಸೀಲೂ ಬಿಗಿ. ಸೊಳ್ಳೆ ಪರದೆಯನ್ನು ಆರ್ಡರಿನಲ್ಲೇ ಸೇರಿಸಿ. ಪರದೆ ಇಲ್ಲದ ಕಿಟಕಿಯನ್ನು ರಾತ್ರಿ ಯಾರೂ ತೆರೆಯುವುದಿಲ್ಲ.

ಸದ್ದಿಗೆ ಬೇರೆ ಲೆಕ್ಕ

ಪಿ.ಬಿ. ರಸ್ತೆಯ ಪಕ್ಕ, ವಿದ್ಯಾನಗರ, ಉಣಕಲ್, ನವನಗರದ ಮುಖ್ಯರಸ್ತೆ ಬದಿ, ರೈಲು ಹಳಿಯ ಹತ್ತಿರ ಮನೆ ಇರುವವರಿಗೆ ಶಾಖಕ್ಕಿಂತ ಸದ್ದೇ ದೊಡ್ಡ ಕಾರಣ. ಇಲ್ಲೂ ಎಚ್ಚರ ಬೇಕು. ಒಂದೇ ದಪ್ಪದ ಎರಡು ತೆಳು ಗಾಜುಗಳು ಲಾರಿ, ಬಸ್ಸಿನ ಗುಡುಗು ಸದ್ದನ್ನು ಅಂಥದ್ದೇನೂ ತಡೆಯುವುದಿಲ್ಲ. ಎರಡು ಬೇರೆ ಬೇರೆ ದಪ್ಪದ ಗಾಜು ಇರಲಿ, ಒಂದು ಲ್ಯಾಮಿನೇಟೆಡ್ ಆಗಿದ್ದರೆ ಇನ್ನೂ ಒಳ್ಳೆಯದು. ಚೌಕಟ್ಟು ಮತ್ತು ಗೋಡೆಯ ನಡುವೆ ಸಣ್ಣ ಸಂದಿ ಉಳಿದರೂ ಹಾಕಿದ ದುಡ್ಡು ನೀರಿಗೆ. ಸದ್ದು ತಡೆಯುವುದು ಮುಚ್ಚಿದ ಕಿಟಕಿ ಮಾತ್ರ ಎಂಬುದೂ ನೆನಪಿರಲಿ.

ಚೌಕಟ್ಟು ಯಾವುದು?

ಸಾದಾ ಅಲ್ಯೂಮಿನಿಯಂ ಗಟ್ಟಿ, ತೆಳು. ಆದರೆ ಯುಪಿವಿಸಿಗಿಂತ ಸಾವಿರ ಪಟ್ಟಿನ ಹತ್ತಿರ ಹೆಚ್ಚು ಶಾಖ ಹರಿಸುವ ಲೋಹ ಅದು. ಡಬಲ್ ಗ್ಲಾಸಿಗೆ ಅಲ್ಯೂಮಿನಿಯಂ ಬೇಕೆಂದರೆ ಥರ್ಮಲ್ ಬ್ರೇಕ್ ಇರುವ ಸೆಕ್ಷನ್ ಕೇಳಿ. ಯುಪಿವಿಸಿ ಆದರೆ ಒಳಗೆ ಸ್ಟೀಲ್ ಬಲ ಇದೆಯೇ, ಬಿಸಿಲಿಗೆ ತಾಳುವ ಗುಣಮಟ್ಟದ್ದೇ ನೋಡಿ. ದಾಂಡೇಲಿ-ಹಳಿಯಾಳ ಕಡೆಯ ಸಾಗವಾನಿ ಶಾಖದ ದೃಷ್ಟಿಯಿಂದ ಉತ್ತಮವೇ, ಆದರೆ ಮಳೆಗಾಲದಲ್ಲಿ ಉಬ್ಬುವ ಹಸಿ ಕಟ್ಟಿಗೆ ಬೇಡ.

ತೂಕವನ್ನೂ ಲೆಕ್ಕ ಹಾಕಿ. 5 ಮಿ.ಮೀ.ಯ ಎರಡು ಗಾಜು ಸೇರಿ ಚದರ ಮೀಟರಿಗೆ 25 ಕಿಲೋ. 4×5 ಅಡಿ ಕಿಟಕಿಯ ಗಾಜೇ 46 ಕಿಲೋ ತೂಗುತ್ತದೆ. ತಿರುಗಣಿ, ರೋಲರ್ ಅದಕ್ಕೆ ತಕ್ಕಂತಿರಬೇಕು. ಹುಬ್ಬಳ್ಳಿಯ ಪೂರ್ವಕ್ಕೆ, ನವಲಗುಂದ ಕಡೆ ಎರೆ ಮಣ್ಣಿನ ಮೇಲೆ ಕಟ್ಟುವವರಿಗೆ ಇನ್ನೊಂದು ಮಾತು: ಈ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ. ತಳಪಾಯ ಸರಿ ಇಲ್ಲದಿದ್ದರೆ ಚೌಕಟ್ಟು ಓರೆಯಾಗಿ ಕದ ಸಿಕ್ಕಿಕೊಳ್ಳುತ್ತದೆ, ಗಾಜಿನ ಸೀಲ್ ಬಿಡುತ್ತದೆ.

ಹಳೆ ಮನೆಯವರು ಏನು ಮಾಡಬೇಕು?

ಕಿಟಕಿ ಕೀಳುವ ಮೊದಲು ತಲೆ ಮೇಲೆ ನೋಡಿ. ಒಂದೇ ಅಂತಸ್ತಿನ ಆರ್‌ಸಿಸಿ ಮನೆಯಲ್ಲಿ ದಿನವಿಡೀ ಕಾಯುವುದು ಸ್ಲ್ಯಾಬ್. ಅದಕ್ಕೆ ಬಿಳಿ ಕೂಲ್ ರೂಫ್ ಬಣ್ಣ ಇಲ್ಲವೇ ಸುಣ್ಣ ಬಳಿಯುವುದು ಕಿಟಕಿ ಬದಲಿಸುವುದಕ್ಕಿಂತ ಬಹಳ ಅಗ್ಗ. ಆಮೇಲೆ ಪಶ್ಚಿಮದ ಕಿಟಕಿಗೆ ಹೊರತಟ್ಟಿ. ಅದೂ ಸಾಲದಿದ್ದರೆ ಒಂಟಿ ಗಾಜಿಗೆ ಬಿಸಿಲು ತಡೆಯುವ ಫಿಲ್ಮ್. ಈಗಾಗಲೇ ಡಬಲ್ ಗ್ಲಾಸ್ ಇದ್ದರೆ ತಯಾರಕರನ್ನು ಕೇಳದೆ ಫಿಲ್ಮ್ ಅಂಟಿಸಬೇಡಿ. ಗಾಜು ಅಸಮವಾಗಿ ಕಾಯ್ದು ಸೀಳಬಹುದು.

ಆರ್ಡರ್ ಕೊಡುವ ಮೊದಲು ಕೇಳಿ

1. ಎಸ್‌ಎಚ್‌ಜಿಸಿ, ಯು-ವ್ಯಾಲ್ಯೂ, ಬೆಳಕಿನ ಪ್ರಮಾಣ ಎಷ್ಟು? ಮೂರನ್ನೂ ಕೊಟೇಶನ್‌ನಲ್ಲಿ ಬರೆಸಿಕೊಳ್ಳಿ. ತೀರಾ ಕಪ್ಪು ಗಾಜು ಹಾಕಿ ಹಗಲೇ ಲೈಟ್ ಹಚ್ಚುವಂತಾಗಬಾರದು.
2. ಲೋ-ಇ ಲೇಪನ ಯಾವ ಮೈಮೇಲಿದೆ? ಬಿಸಿಲು ತಡೆಯಲು ಅದು ಹೊರಗಾಜಿನ ಒಳಮೈಯಲ್ಲಿರಬೇಕು. ಗಾಜಿನ ಮುಂದೆ ದೀಪದ ಕುಡಿ ಹಿಡಿದರೆ ನಾಲ್ಕು ಪ್ರತಿಬಿಂಬ ಕಾಣುತ್ತವೆ. ಲೇಪನವಿದ್ದರೆ ಅವುಗಳಲ್ಲಿ ಒಂದರ ಬಣ್ಣ ಬೇರೆಯಾಗಿರುತ್ತದೆ.
3. ಒಳಗೆ ಹಬೆ ಕಟ್ಟಿದರೆ ಎಷ್ಟು ವರ್ಷದ ವಾರಂಟಿ? ಬದಲಿಸುವ, ಕೂಡಿಸುವ ಖರ್ಚು ಯಾರದು?
4. ಟಫನ್ಡ್ ಗಾಜಿನ ಮೇಲೆ ಐಎಸ್ 2553 ಗುರುತು ಇದೆಯೇ?
5. ನೆಟ್, ಲಾಕ್, ಸಾಗಣೆ, ಸೀಲಿಂಗ್ ದರದಲ್ಲಿ ಸೇರಿದೆಯೇ?
6. ಕೆಳಚೌಕಟ್ಟಿನಲ್ಲಿ ಮಳೆನೀರು ಹೊರಹೋಗುವ ರಂಧ್ರಗಳಿವೆಯೇ?

ಒಟ್ಟಿನಲ್ಲಿ, ಮನೆ ತುಂಬ ಡಬಲ್ ಗ್ಲಾಸ್ ಬೇಕಿಲ್ಲ. ಎಸಿ ಇರುವ ಪಶ್ಚಿಮದ ಕೋಣೆಗೆ ಒಂದು, ರಸ್ತೆ ಬದಿಯ ಮಲಗುವ ಕೋಣೆಗೆ ಒಂದು ಹಾಕಿದರೆ ಬಹುಪಾಲು ಮನೆಗಳಿಗೆ ಸಾಕು. ಗೋಡೆ ಏಳುವ ಮೊದಲೇ ಒಂದು ದಿನ ಮಧ್ಯಾಹ್ನ 3ರಿಂದ 6ರವರೆಗೆ ನಿಮ್ಮ ಸೈಟಿನಲ್ಲಿ ನಿಂತು ಬಿಸಿಲು ಎಲ್ಲಿಂದ ಬರುತ್ತದೆ, ಪಕ್ಕದ ಮನೆಯ ನೆರಳು ಎಲ್ಲಿ ಬೀಳುತ್ತದೆ ನೋಡಿ, ನಕಾಶೆಯ ಮೇಲೆ ಗುರುತು ಹಾಕಿಕೊಳ್ಳಿ. ಗಾಜಿನ ಅಂಗಡಿಗೆ ಹೋಗುವಾಗ ಆ ನಕಾಶೆ ಕೈಯಲ್ಲಿರಲಿ.