ಕೂಲಿ ಬಾಕಿ ಸಂಧಾನ: ಚಾಮರಾಜನಗರ ಸೀಮೆಯ ಚರಿತ್ರೆ

ದುಡಿದವರ ಕೂಲಿ ಕೈಸೇರದೆ ನಿಂತಾಗ ಮೂರನೆಯವರ ಮುಂದೆ ಇಬ್ಬರೂ ಕೂತು ಬಗೆಹರಿಸಿಕೊಳ್ಳುವ ಕ್ರಮ. ಸಂತೆಮರಹಳ್ಳಿ, ಗುಂಡ್ಲುಪೇಟೆ ಕಡೆ ಹೊಲಗೆಲಸ, ರೇಷ್ಮೆ, ಕರಿಕಲ್ಲಿನ ಕ್ವಾರಿಗಳಲ್ಲಿ ಕೆಲಸ ಬಾಯಿಮಾತಿನ ಮೇಲೆ ನಡೆಯುವುದೇ ಹೆಚ್ಚು. ತಕರಾರು ಬಂದರೆ ಆಳಿನ ಕೈಯಲ್ಲಿ ಚೀಟಿಯೂ ಇರುವುದಿಲ್ಲ.

ಹಿಂದೆ ಕಟ್ಟೆಯ ಯಜಮಾನರೇ ನ್ಯಾಯ ಹೇಳುತ್ತಿದ್ದರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಯಜಮಾನ, ಪಟ್ಟೆಗಾರ ಮೊದಲಾದವರು ಪೋಡಿನ (ಹಾಡಿಯ) ವ್ಯಾಜ್ಯ ತೀರಿಸುತ್ತಿದ್ದರು. ಕಟ್ಟೆನ್ಯಾಯ ಬೇಗ ಮುಗಿಯುತ್ತಿತ್ತು, ಖರ್ಚೂ ಕಡಿಮೆ. ಆದರೆ ಜಮೀನುದಾರನೇ ಪಂಚಾಯ್ತಿದಾರನಾಗಿದ್ದ ಕಡೆ ಜೀತದಾಳಿನ ಅಹವಾಲಿಗೆ ಬೆಲೆಯೆಲ್ಲಿ? ಮುಂಗಡ ತೀರುವ ತನಕ ಕೂಲಿ ಕೇಳಬೇಡ ಎನ್ನುವುದನ್ನು ರಾಜಿ ಎಂದು ಕರೆಯಲಾಗದು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಅಂಥ ಸಾಲವನ್ನೇ ಅಳಿಸಿಹಾಕಿತು.

ಬಟವಾಡೆಯ ದಿನ ಗೊತ್ತುಮಾಡಿದ ಮೊದಲ ಕಾನೂನು 1936ರ ವೇತನ ಪಾವತಿ ಕಾಯ್ದೆ. ಅದು ಬ್ರಿಟಿಷ್ ಇಂಡಿಯಾದ್ದು. ಆಗ ಇದೇ ಸೀಮೆಯ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಸಂತೆಮರಹಳ್ಳಿ ಮೈಸೂರು ಸಂಸ್ಥಾನದಲ್ಲಿ. ನೆರೆಯ ಊರುಗಳಿಗೆ ಬೇರೆ ಬೇರೆ ಕಾನೂನು. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು. ಕಾರ್ಖಾನೆ, ರೈಲ್ವೆಗೆಂದು ಹುಟ್ಟಿದ ಆ ಕಾಯ್ದೆ ಹೊಲದ ಆಳಿಗೆ ಒದಗಲಿಲ್ಲ. ಕೃಷಿ ಕೂಲಿ ಕಾನೂನಿನ ಲೆಕ್ಕಕ್ಕೆ ಬಂದದ್ದು 1948ರ ಕನಿಷ್ಠ ವೇತನ ಕಾಯ್ದೆಯಿಂದ.

1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಸಂಧಾನಾಧಿಕಾರಿಗೆ ಜಾಗವಿತ್ತು. ಆತ ಎರಡೂ ಕಡೆಯವರನ್ನು ಕರೆಸಿ ಒಪ್ಪಿಸಬಹುದು, ತೀರ್ಪು ಕೊಡುವಂತಿಲ್ಲ. ಗುತ್ತಿಗೆ ಮೇಸ್ತ್ರಿ ಕೈಕೊಟ್ಟರೆ ಮೂಲ ಮಾಲೀಕನೇ ಕೂಲಿ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಹೇಳಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1995ರ ನವೆಂಬರ್ 9ರಂದು ಜಾರಿಯಾದ ಮೇಲೆ ಲೋಕ ಅದಾಲತ್‌ನ ರಾಜಿಗೆ ಸಿವಿಲ್ ಡಿಕ್ರಿಯ ಬಲ ಸಿಕ್ಕಿತು. ಅದರ ಮೇಲೆ ಅಪೀಲಿಲ್ಲ.

ಇಲ್ಲೊಂದು ಗೆರೆಯನ್ನು ಮರೆಯಬಾರದು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು 1982ರಲ್ಲಿ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟದ ಕಾಮಗಾರಿ) ಕಾರ್ಮಿಕರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕನಿಷ್ಠ ಕೂಲಿಯ ಹಕ್ಕು ಬಿಟ್ಟುಕೊಡುವ ಒಪ್ಪಂದ ಕಾನೂನಿನಲ್ಲಿ ಶೂನ್ಯ. ಆದ್ದರಿಂದ ಕಂತು, ಗಡುವುಗಳ ಬಗ್ಗೆ ಚೌಕಾಸಿ ನಡೆಯಬಹುದು. ಕನಿಷ್ಠ ಕೂಲಿಯ ಮೊತ್ತದ ಬಗ್ಗೆ ಸಲ್ಲದು. ಹಸಿದವನಿಂದ ‘ಅರ್ಧಕ್ಕೆ ಒಪ್ಪಿದ್ದೇನೆ’ ಎಂದು ಬರೆಸಿಕೊಳ್ಳುವ ಮಧ್ಯಸ್ಥ ಮಾಲೀಕನ ಕೆಲಸ ಮಾಡಿದಂತೆ.

2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆಯ ಪ್ರಕಾರ ಬಾಕಿ ಕೂಲಿಗೆ ಮೂರು ವರ್ಷದೊಳಗೆ ಅರ್ಜಿ ಹಾಕಬಹುದು. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೂ ಪರಿಹಾರ ಕೊಡಿಸಲು ಅವಕಾಶವಿದೆ.